ಜೊತೆಗೆ ಬಂದವರು

ಹೋದ ಬೇಸಿಗೆಯಲ್ಲಿ ಮಗಳು ಒಂದು ತಿಂಗಳು ಊರಿಗೆ ಬಂದಿದ್ದಳು. ಹಗಲೆಲ್ಲ ಕಂಪ್ಯೂಟರಿನ ಮುಂದೆ ಕುಳಿತು ಆಫೀಸಿನ ಕೆಲಸ, ರಾತ್ರಿ ಊಟವಾದ ಮೇಲೆ ಅದೇ ಕಂಪ್ಯೂಟರಿನ ಮುಂದೆ ಆಟ. ಇಪ್ಪತ್ತಾರು ತುಂಬಿದ ಹುಡುಗಿಗೆ ಇನ್ನೂ ಆಟವೇ ಎಂದು ನಾನು ಗೊಣಗುವುದು, ಅವಳು ಅದನ್ನು ಕಿವಿಗೆ ಹಾಕಿಕೊಳ್ಳದೆ ಇರುವುದು ನಮ್ಮ ಮನೆಯ ನಿತ್ಯದ ಪಾರಾಯಣ. ಒಂದು ರಾತ್ರಿ ಹಾಲಿಗೆ ಹೆಪ್ಪು ಹಾಕಿ, ಅಡುಗೆಮನೆಯ ದೀಪ ಆರಿಸಿ ಬರುತ್ತೇನೆ, ಆಟ ನಿಂತುಬಿಟ್ಟಿದೆ. ಇವಳು ಕೆನ್ನೆಗೆ ಕೈಕೊಟ್ಟು ಕುಳಿತಿದ್ದಾಳೆ. ಪರದೆಯ ಮೇಲೆ ಕಪ್ಪು ಜಡೆಯ ಹೆಣ್ಣೊಬ್ಬಳು ಕೈಯಲ್ಲಿ ಭರ್ಜಿ ಹಿಡಿದು ನಿಂತಿದ್ದಾಳೆ. ಅವಳ ಕಾಲ ಬಳಿ ಇನ್ನೊಬ್ಬಳು.

"ಏನಾಯಿತೇ, ಕೆಟ್ಟುಹೋಯಿತೇ?" ಎಂದೆ.

"ಇಲ್ಲಮ್ಮ. ಇವಳಿಗೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ."

"ಇವಳು ಯಾರು?"

"ನನ್ನ ಜೊತೆಗಾರ್ತಿ."

ಮಗಳು ಆ ಮಾತು ಹೇಳಿದ ರೀತಿ ನನ್ನನ್ನು ಅಲ್ಲೇ ನಿಲ್ಲಿಸಿತು. ಯಂತ್ರದೊಳಗಿನ ಬೊಂಬೆಯ ಬಗ್ಗೆ ಹೇಳಿದಂತಿರಲಿಲ್ಲ. ಹಾಸ್ಟೆಲಿನ ಗೆಳತಿಯ ಕಷ್ಟ ಹೇಳಿದಂತಿತ್ತು. ನಾನು ಮೋಡ ಎಳೆದುಕೊಂಡು ಕುಳಿತೆ. ಅಂದಿನಿಂದ ರಜೆ ಮುಗಿಯುವವರೆಗೂ ನನ್ನ ರಾತ್ರಿಗಳು ಹಾಗೇ ಕಳೆದವು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಸುಮಾರು ಮೂವತ್ತು ವರ್ಷದಿಂದ ಅದೇ ಕೆಲಸ. ಏನನ್ನೇ ಕಂಡರೂ ಇದು ಯಾವಾಗ ಹುಟ್ಟಿತು, ಯಾರು ಶುರು ಮಾಡಿದರು, ಇದಕ್ಕೆ ಮುಂಚೆ ಏನಿತ್ತು ಎಂದು ಕೇಳುವುದು ಒಂದು ಚಟವಾಗಿಬಿಟ್ಟಿದೆ. ಮಗಳನ್ನು ಪೀಡಿಸಿದೆ. ಅವಳು ಹೇಳಿದ್ದನ್ನು, ತೋರಿಸಿದ್ದನ್ನು, ಓದಲು ಕೊಟ್ಟದ್ದನ್ನು ಹಳೆಯ ಪಾಠಯೋಜನೆಯ ಪುಸ್ತಕದ ಖಾಲಿ ಹಾಳೆಗಳಲ್ಲಿ ಇಸವಿ ಸಮೇತ ಬರೆದಿಟ್ಟುಕೊಂಡೆ. ಈ ಪ್ರಬಂಧ ಆ ಹಾಳೆಗಳಿಂದ ಬಂದದ್ದು.

ಮೊದಲು ಈ ಆಟದ ಬಗೆ ಏನೆಂದು ಹೇಳಿಬಿಡುತ್ತೇನೆ. ವಿಡಿಯೋ ಗೇಮ್ ಎಂದರೆ ಕಾರು ಓಡಿಸುವುದು, ಢಂ ಢಂ ಎಂದು ಗುಂಡು ಹಾರಿಸುವುದು ಎಂದು ನಾನೂ ತಿಳಿದಿದ್ದೆ. ಇದು ಹಾಗಲ್ಲ. ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ, ಎಂದರೆ ವೇಷ ಹಾಕಿ ಆಡುವುದು. ರಾಜರು, ಮಾಟಗಾರರು, ರಾಕ್ಷಸರು, ಡ್ರ್ಯಾಗನ್ನುಗಳು ಇರುವ ಒಂದು ಕಟ್ಟುಕತೆಯ ಲೋಕ. ಅಲ್ಲಿ ಆಡುವವರೇ ನಾಯಕ ಅಥವಾ ನಾಯಕಿ. ಒಬ್ಬರೇ ಹೋಗುವುದಿಲ್ಲ, ಜೊತೆಗೆ ಮೂರೋ ಐದೋ ಜನ ಒಡನಾಡಿಗಳು ಬರುತ್ತಾರೆ. ಅವರಿಗೆ ಹೆಸರು, ಊರು, ಹಳೆಯ ಗಾಯ ಎಲ್ಲ ಇರುತ್ತದೆ. ರಾತ್ರಿ ಬಿಡಾರದಲ್ಲಿ ಬೆಂಕಿ ಹಾಕಿ ಕುಳಿತಾಗ ಮಾತಾಡುತ್ತಾರೆ. ಆಟ ಆಗಾಗ ನಿಂತು, ಈಗ ನೀನು ಏನು ಹೇಳುತ್ತೀಯೆ ಎಂದು ನಾಲ್ಕೈದು ಉತ್ತರಗಳನ್ನು ಮುಂದಿಡುತ್ತದೆ. ನೀವು ಆರಿಸಿದ ಉತ್ತರದ ಮೇಲೆ ಅವರ ಬಾಳು ಒಂದು ಕಡೆಗೋ ಇನ್ನೊಂದು ಕಡೆಗೋ ಹೊರಳುತ್ತದೆ.

ಇದರ ಬೇರು ಕಂಪ್ಯೂಟರಿನಲ್ಲಿಲ್ಲ, ಕಾಗದ ಪೆನ್ಸಿಲಿನಲ್ಲಿದೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟದ ನಿಯಮಗಳನ್ನು ಅಚ್ಚು ಹಾಕಿಸಿದರು. ಮೇಜಿನ ಸುತ್ತ ಕುಳಿತು, ದಾಳ ಉರುಳಿಸಿ, ಬಾಯಲ್ಲೇ ಕತೆ ಕಟ್ಟುತ್ತಾ ಆಡುವುದು. ಆ ನಿಯಮಗಳಲ್ಲಿ ನಾಯಕ ಕೂಲಿಗೆ ಆಳುಗಳನ್ನು ಇಟ್ಟುಕೊಳ್ಳಬಹುದಿತ್ತು. ಅವರ ನಿಷ್ಠೆಗೂ ಒಂದು ಲೆಕ್ಕವಿತ್ತು. ನಾಯಕನ ವರ್ಚಸ್ಸೆಷ್ಟು, ಕೂಲಿ ಸರಿಯಾಗಿ ಕೊಡುತ್ತಾನೋ ಇಲ್ಲವೋ, ಹೇಗೆ ನಡೆಸಿಕೊಳ್ಳುತ್ತಾನೆ ಎಂಬುದನ್ನೆಲ್ಲ ಕೂಡಿ, ದಾಳದ ಲೆಕ್ಕವನ್ನೂ ಸೇರಿಸಿ ನಿರ್ಧರಿಸುತ್ತಿದ್ದರು. ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ನಮ್ಮ ಮನೆಗಳಲ್ಲಿ ಕೆಲಸದವರ ನಿಷ್ಠೆಯ ಬಗ್ಗೆ ನಾವಾಡುವ ಮಾತೂ ಇದೇ ತಾನೇ, ದಾಳವೊಂದಿಲ್ಲ ಅಷ್ಟೆ.

ಕಂಪ್ಯೂಟರಿಗೆ ಬಂದಾಗ ಆ ಆಳುಗಳ ಬಾಯಿಯೂ ಹೋಯಿತು. 1981ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಮಾಡಿದ 'ವಿಜರ್ಡ್ರಿ' ಎಂಬ ಆಟದಲ್ಲಿ ಆರು ಜನರ ತಂಡ. ಆರೂ ಜನಕ್ಕೆ ಆಡುವವನೇ ಹೆಸರಿಡಬೇಕು. ಮಾತಿಲ್ಲ ಕತೆಯಿಲ್ಲ. ಸತ್ತರೆ ದೇವಸ್ಥಾನದಲ್ಲಿ ಹಣ ಕೊಟ್ಟು ಬದುಕಿಸುವ ಪ್ರಯತ್ನ ಮಾಡಬಹುದು. ಅದು ಫಲಿಸದಿದ್ದರೆ ಬೂದಿ, ಬೂದಿಯಿಂದಲೂ ಏಳದಿದ್ದರೆ ಶಾಶ್ವತವಾಗಿ ಇಲ್ಲ. ಅಂಥ ಕಡೆ ಧರ್ಮಸಂಕಟ ಎಲ್ಲಿಂದ ಬರಬೇಕು?

ಧರ್ಮದ ಮಾತನ್ನು ಮೊದಲು ಎತ್ತಿದವನು ರಿಚರ್ಡ್ ಗ್ಯಾರಿಯಟ್. ಟೆಕ್ಸಾಸ್‌ನಲ್ಲಿ ಬೆಳೆದವನು. ತಂದೆ ಓವೆನ್ ಗ್ಯಾರಿಯಟ್ ಗಗನಯಾತ್ರಿ, 1973ರಲ್ಲಿ ಸ್ಕೈಲ್ಯಾಬ್‌ನಲ್ಲಿದ್ದವರು. ಮಗನೂ 2008ರಲ್ಲಿ ಹಣ ಕೊಟ್ಟು ಅಂತರಿಕ್ಷಕ್ಕೆ ಹೋಗಿಬಂದ. ಅದಿರಲಿ. ಈತ ಹುಡುಗನಾಗಿದ್ದಾಗಲೇ 'ಅಲ್ಟಿಮಾ' ಎಂಬ ಆಟಗಳ ಸರಣಿ ಶುರು ಮಾಡಿದ್ದ. 1983ರಲ್ಲಿ ಸ್ವಂತ ಕಂಪನಿ ತೆರೆದ ಮೇಲೆ ಆಡುವವರ ಕಾಗದಗಳು ನೇರವಾಗಿ ಅವನ ಕೈಗೇ ಬರತೊಡಗಿದವು. ಜನ ತನ್ನ ಆಟವನ್ನು ಹೇಗೆ ಗೆಲ್ಲುತ್ತಿದ್ದಾರೆಂದು ತಿಳಿದು ಅವನಿಗೆ ಗಾಬರಿಯಾಯಿತು. ಅಂಗಡಿಗಳಲ್ಲಿ ಕದಿಯುವುದು, ದಾರಿಯಲ್ಲಿ ಸಿಕ್ಕ ಬಡಪಾಯಿಗಳನ್ನು ಕೊಲ್ಲುವುದು, ಹೀಗೆ ಶಕ್ತಿ ಕೂಡಿಸಿಕೊಂಡು ಕೊನೆಗೆ ದುಷ್ಟನನ್ನು ಸಂಹರಿಸಿ ವೀರನೆನಿಸಿಕೊಳ್ಳುವುದು! ಹಾಗಾದರೆ ದುಷ್ಟನಿಗೂ ವೀರನಿಗೂ ಏನು ವ್ಯತ್ಯಾಸ?

ಅದಕ್ಕೆ ಉತ್ತರವಾಗಿ 1985ರಲ್ಲಿ ಬಂದದ್ದು 'ಅಲ್ಟಿಮಾ' ನಾಲ್ಕನೆಯ ಭಾಗ. ಅದರಲ್ಲಿ ಕೊಲ್ಲಬೇಕಾದ ದೊಡ್ಡ ರಾಕ್ಷಸನೇ ಇಲ್ಲ. ಪ್ರಾಮಾಣಿಕತೆ, ಕರುಣೆ, ಧೈರ್ಯ, ನ್ಯಾಯ, ತ್ಯಾಗ, ಮಾನ, ಆತ್ಮಚಿಂತನೆ, ವಿನಯ ಎಂಬ ಎಂಟು ಗುಣಗಳಲ್ಲಿ ಪರಿಪೂರ್ಣನಾಗಿ 'ಅವತಾರ' ಎನಿಸಿಕೊಳ್ಳುವುದೇ ಗುರಿ. ಹೌದು, ನಮ್ಮ ಅವತಾರವೇ. ಆ ಮಾತನ್ನು ಗ್ಯಾರಿಯಟ್ ನಮ್ಮ ಕಡೆಯಿಂದಲೇ ತೆಗೆದುಕೊಂಡದ್ದು. ದೇವರು ಕೆಳಗಿಳಿದು ಬರುವುದು ನಮ್ಮ ಅವತಾರ, ಮನುಷ್ಯ ಮೇಲೆ ಹತ್ತಿ ಹೋಗುವುದು ಅವನ ಅವತಾರ. ಇಳಿಯುವ ಶಬ್ದಕ್ಕೆ ಹತ್ತುವ ಅರ್ಥ ಕೊಟ್ಟದ್ದನ್ನು ಕಂಡು ನಮ್ಮ ಶಾಲೆಯ ಸಂಸ್ಕೃತ ಪಂಡಿತರು ಏನೆನ್ನುತ್ತಿದ್ದರೋ!

ಅಲ್ಲಿ ಗಿಡಮೂಲಿಕೆ ಮಾರುವ ಕುರುಡಿಯೊಬ್ಬಳಿದ್ದಾಳೆ. ನೀವೆಷ್ಟು ಹಣ ಕೊಡುತ್ತೀರೋ ನೀವೇ ಎಣಿಸಿ ಕೊಡಬೇಕು. ಕಡಿಮೆ ಕೊಟ್ಟರೂ ಅವಳು ತುಟಿ ಬಿಚ್ಚುವುದಿಲ್ಲ. ಆದರೆ ಆಟ ಒಳಗೊಳಗೇ ನಿಮ್ಮ ಪ್ರಾಮಾಣಿಕತೆಯಲ್ಲಿ ಅಂಕ ಕಳೆಯುತ್ತದೆ. ಚಿತ್ರಗುಪ್ತನ ಕೆಲಸ! ಎಂಟು ಗುಣಗಳಿಗೆ ಎಂಟು ಊರು, ಊರಿಗೊಬ್ಬ ಒಡನಾಡಿ. ಕರುಣೆಯ ಊರಿನ ಹಾಡುಗಾರ ಐಯೋಲೋ, ಮಾನದ ಊರಿನ ಯೋಧ ಡುಪ್ರೆ, ತ್ಯಾಗದ ಊರಿನ ಕಸುಬುಗಾರ್ತಿ ಜೂಲಿಯಾ, ವಿನಯದ ಊರಿನ ಕುರಿಕಾಯುವ ಕಟ್ರಿನಾ, ಹೀಗೆ. ಆಡುವವರೇ ಒಂದು ಗುಣಕ್ಕೆ ನಿಂತರೆ ಉಳಿದ ಏಳು ಜನ ಹಿಂದೆ ಬರುತ್ತಾರೆ. ಇವರೆಲ್ಲ ಜೊತೆಗಾರರಲ್ಲ, ಅಂಕಪಟ್ಟಿಯ ವಿಷಯಗಳು ಎಂದು ನನಗನ್ನಿಸಿತು. ಗಣಿತ, ವಿಜ್ಞಾನ ಎಂದಂತೆ ಕರುಣೆ, ನ್ಯಾಯ.

ಮಹಾಪ್ರಸ್ಥಾನದ ಧರ್ಮರಾಯ ನೆನಪಾದ. ಹಿಮಾಲಯದ ದಾರಿಯಲ್ಲಿ ದ್ರೌಪದಿ ಬಿದ್ದಳು, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದರು. ಇವರೇಕೆ ಬಿದ್ದರು ಎಂದು ಭೀಮ ಕೇಳಿದಾಗಲೆಲ್ಲ ಧರ್ಮರಾಯ ಒಂದೊಂದು ತಪ್ಪು ಹೇಳಿದ. ಇವಳಿಗೆ ಅರ್ಜುನನ ಮೇಲೆ ಪಕ್ಷಪಾತ, ಇವನಿಗೆ ಬುದ್ಧಿಯ ಗರ್ವ, ಇವನಿಗೆ ರೂಪದ ಗರ್ವ ಎಂದು ಹೇಳಿ, ತಿರುಗಿ ನೋಡದೆ ನಡೆದ. ಕೊನೆಗೆ ನಾಯಿಯೊಂದನ್ನು ಮಾತ್ರ ಬಿಟ್ಟು ಬರಲಾರೆ ಎಂದ. ನಾಯಿಯ ಕತೆಯನ್ನು ಎಲ್ಲರೂ ಹೊಗಳುತ್ತಾರೆ. ಬಿದ್ದ ಹೆಂಡತಿಯ ಪಕ್ಕದಲ್ಲಿ ಒಂದು ಗಳಿಗೆ ಕೂರಬಾರದಿತ್ತೇ ಎಂದು ನನಗೆ ಮಾತ್ರ ಚಿಕ್ಕಂದಿನಿಂದಲೂ ತಕರಾರು.

ಗ್ಯಾರಿಯಟ್‌ಗೂ ಏನೋ ಕೊರತೆ ಕಂಡಿರಬೇಕು. 1988ರಲ್ಲಿ ಐದನೆಯ ಭಾಗ ಬಂತು. ಅದರಲ್ಲಿ ಬ್ಲ್ಯಾಕ್‌ಥಾರ್ನ್ ಎಂಬವನು ರಾಜನ ಜಾಗದಲ್ಲಿ ಕುಳಿತು ಆ ಎಂಟು ಗುಣಗಳನ್ನೇ ಕಾನೂನು ಮಾಡಿಬಿಟ್ಟಿದ್ದಾನೆ. ದಾನ ಮಾಡದವರಿಗೆ ದಂಡ, ಸುಳ್ಳಾಡಿದವರಿಗೆ ಶಿಕ್ಷೆ. ಹಿಂದಿನ ಆಟದಲ್ಲಿ ಬೆವರು ಸುರಿಸಿ ಗಳಿಸಿದ ಧರ್ಮ ಇಲ್ಲಿ ಪೊಲೀಸರ ಕೈಯ ಲಾಠಿ. ನಾಯಕನೂ ಒಡನಾಡಿಗಳೂ ಅವನಿಗೆ ಸೆರೆಸಿಕ್ಕರೆ, ಒಡನಾಡಿಯೊಬ್ಬನನ್ನು ತೂಗಾಡುವ ಕತ್ತಿಯಲಗಿನ ಕೆಳಗೆ ಕಟ್ಟಿ ಮಲಗಿಸುತ್ತಾರೆ. ಬ್ಲ್ಯಾಕ್‌ಥಾರ್ನ್ ಗುಡಿಯೊಂದರ ಮಂತ್ರ ಕೇಳುತ್ತಾನೆ. ಹೇಳಿದರೆ ಆ ಗುಡಿ ನಾಶ. ಹೇಳದಿದ್ದರೆ ಅಲಗು ಇಳಿಯುತ್ತದೆ, ಹೋದ ಒಡನಾಡಿಯನ್ನು ಮತ್ತೆ ಬದುಕಿಸುವ ಯಾವ ಮಂತ್ರವೂ ಇಲ್ಲ. ಗುಡಿಯೋ ಗೆಳೆಯನೋ?

"ನೀನಾದರೆ ಏನು ಮಾಡುತ್ತಿದ್ದೆ?" ಎಂದು ಮಗಳನ್ನು ಕೇಳಿದೆ. "ಮಂತ್ರ ಹೇಳಿಬಿಡುತ್ತಿದ್ದೆ. ಗುಡಿ ಕಟ್ಟಿದವರು ಮನುಷ್ಯರೇ ತಾನೇ," ಎಂದಳು. ನಾನು ಗೆಳೆಯನನ್ನು ಕೊಡುತ್ತಿದ್ದೆನೇನೋ. ಆದರ್ಶದ ಹೆಸರಿನಲ್ಲಿ ಇನ್ನೊಬ್ಬರ ಕತ್ತು ಕೊಡುವುದು ನನ್ನ ಕಾಲದವರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಜಪಾನಿನಲ್ಲಿ ಈ ಆಟಗಳು ಬೇರೆಯೇ ದಾರಿ ಹಿಡಿದವು. 1997ರ 'ಫೈನಲ್ ಫ್ಯಾಂಟಸಿ' ಏಳನೆಯ ಭಾಗದಲ್ಲಿ ಹೂ ಮಾರುವ ಹುಡುಗಿಯೊಬ್ಬಳು ನಾಯಕನ ಜೊತೆ ಬರುತ್ತಾಳೆ, ಏರಿತ್ ಎಂದು ಹೆಸರು. ಕತೆಯ ನಡುವೆಯೇ ಅವಳನ್ನು ಕೊಲ್ಲುತ್ತಾರೆ. ಆಡುವವರಿಗೆ ಅಲ್ಲಿ ಆಯ್ಕೆಯೇ ಇಲ್ಲ. ಅವಳನ್ನು ಬದುಕಿಸುವ ಗುಟ್ಟು ಆಟದೊಳಗೆ ಎಲ್ಲೋ ಅಡಗಿದೆ ಎಂದು ನಂಬಿ ಹುಡುಗರು ವರ್ಷಗಟ್ಟಲೆ ಹುಡುಕಾಡಿದರಂತೆ. ಅಂಥದ್ದೇನೂ ಇರಲಿಲ್ಲ.

ಒಡನಾಡಿಗೆ ಸ್ವಂತ ಬುದ್ಧಿ ಬಂದದ್ದು ಕೆನಡಾದಲ್ಲಿ. ಎಡ್ಮಂಟನ್ ನಗರದಲ್ಲಿ 1995ರಲ್ಲಿ ಮೂವರು ವೈದ್ಯರು ಸೇರಿ ಬಯೋವೇರ್ ಎಂಬ ಕಂಪನಿ ಕಟ್ಟಿದರು. ಡಾಕ್ಟರಿಕೆ ಓದಿದವರು ಆಟದ ಕಂಪನಿ ತೆಗೆದರೆ ನಮ್ಮಲ್ಲಿ ತಾಯಂದಿರು ಉಪವಾಸ ಕೂತುಬಿಡುತ್ತಿದ್ದರು. 1998ರ ಡಿಸೆಂಬರಿನಲ್ಲಿ ಅವರ 'ಬಾಲ್ಡರ್ಸ್ ಗೇಟ್' ಬಂತು, 2000ದಲ್ಲಿ ಅದರ ಎರಡನೆಯ ಭಾಗ. ಅಲ್ಲಿ ಒಡನಾಡಿಗಳು ಒಬ್ಬರನ್ನೊಬ್ಬರು ಹಂಗಿಸುತ್ತಾರೆ, ಜಗಳವಾಡುತ್ತಾರೆ. ನಾಯಕ ಕೆಟ್ಟ ಕೆಲಸ ಮಾಡುತ್ತಾ ಹೋದರೆ ಒಳ್ಳೆಯವರು ಇನ್ನು ನಿನ್ನ ಸಹವಾಸ ಬೇಡ ಎಂದು ಎದ್ದು ಹೋಗುತ್ತಾರೆ. ತೀರ ಒಳ್ಳೆಯವನಾದರೆ ದುಷ್ಟರು ಬೇಸತ್ತು ಹೋಗುತ್ತಾರೆ, ಇದು ಕೇಳಿ ನಾನು ನಕ್ಕೆ. ಜಹೀರಾ ಮತ್ತು ಖಾಲಿದ್ ಎಂಬ ಗಂಡ ಹೆಂಡಿರು. ಒಬ್ಬರನ್ನು ಬೇಡವೆಂದರೆ ಇನ್ನೊಬ್ಬರೂ ಗಂಟು ಕಟ್ಟುತ್ತಾರೆ. ಹೊರಟುಹೋಗುವ ಹಕ್ಕು ಇರುವವನು ಮಾತ್ರ ಜೊತೆಗಾರ, ಇಲ್ಲದವನು ಆಳು. 1974ರಿಂದ ಇಲ್ಲಿಗೆ ಬರಲು ಆಟಗಳಿಗೆ ಇಪ್ಪತ್ತನಾಲ್ಕು ವರ್ಷ ಬೇಕಾಯಿತು.

ಈ ಎರಡನೆಯ ಭಾಗದಲ್ಲಿ ಕೆಲ್ಡಾರ್ನ್ ಎಂಬ ಯೋಧನೊಬ್ಬನಿದ್ದಾನೆ. ತಲೆ ನರೆತವನು, ಧರ್ಮಯೋಧರ ಸಂಘಕ್ಕೆ ಸೇರಿದವನು, ಕೆಟ್ಟದ್ದನ್ನು ಕಂಡರೆ ಕತ್ತಿ ಹಿರಿಯುವವನು. ವರ್ಷಗಟ್ಟಲೆ ಸಂಘದ ಕೆಲಸದ ಮೇಲೆ ಊರೂರು ತಿರುಗಿ ಒಂದು ದಿನ ಮನೆಗೆ ಬಂದಾಗ, ಹೆಂಡತಿ ಮರಿಯಾ ಇನ್ನೊಬ್ಬನ ಸ್ನೇಹದಲ್ಲಿದ್ದಾಳೆಂದು ತಿಳಿಯುತ್ತದೆ. ಆ ಇನ್ನೊಬ್ಬನ ಹೆಸರು ವಿಲಿಯಂ, ಅವನೂ ಮರ್ಯಾದಸ್ಥನೇ. ಎರಡು ಹೆಣ್ಣುಮಕ್ಕಳಿದ್ದಾರೆ. ಆ ರಾಜ್ಯದ ಕಾನೂನಿನಂತೆ ದೂರು ಕೊಟ್ಟರೆ ವಿಲಿಯಂಗೆ ನೇಣು, ಮರಿಯಾಳಿಗೆ ಸೆರೆಮನೆ. ಕೆಲ್ಡಾರ್ನ್ ಏನು ಮಾಡಲಿ ಎಂದು ನಾಯಕನನ್ನು, ಎಂದರೆ ಆಡುತ್ತಿರುವ ನಿಮ್ಮನ್ನು ಕೇಳುತ್ತಾನೆ.

ನಾನು ಈ ಭಾಗವನ್ನು ಮಗಳಿಂದ ಎರಡು ಸಲ ಹೇಳಿಸಿಕೊಂಡೆ. ನಾವೆಲ್ಲ ಮದುವೆಯಾಗಿ ಸಂಸಾರ ಮಾಡಿದವರು, ಈ ಪಂಚಾಯಿತಿ ನಮಗೆ ಹೊಸದಲ್ಲ. ಆದರೆ ಇದನ್ನು ಇಪ್ಪತ್ತು ವರ್ಷದ ಹುಡುಗರಿಗೆಂದು ಮಾಡಿದ ಆಟದಲ್ಲಿ ಇಟ್ಟದ್ದು ದೊಡ್ಡ ಮಾತು. ಎಷ್ಟೋ ಹುಡುಗರು ಡ್ರ್ಯಾಗನ್ ಕೊಂದ ಕೈಯಲ್ಲೇ, ನ್ಯಾಯ ನ್ಯಾಯವೇ ಎಂದು ದೂರು ಕೊಡಿಸಿದ್ದಿರಬಹುದು. ಗೆದ್ದೆವೆಂದುಕೊಂಡರೆ, ಅಪ್ಪನ ಮುಖ ನೋಡಲೊಲ್ಲದ ಮಕ್ಕಳು ಎದುರಿಗೆ ನಿಲ್ಲುತ್ತಾರೆ. ಕ್ಷಮಿಸು ಎಂದರೆ ಕೆಲ್ಡಾರ್ನ್ ಹೋಗಿ ವಿಲಿಯಂನನ್ನು ಕಂಡು ಮಾತಾಡುತ್ತಾನೆ, ತಾನಿಲ್ಲದ ದಿನಗಳಲ್ಲಿ ಆತ ತನ್ನ ಮಕ್ಕಳನ್ನು ಎಷ್ಟು ಅಕ್ಕರೆಯಿಂದ ಕಂಡಿದ್ದನೆಂದು ತಿಳಿಯುತ್ತಾನೆ. ಆಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ. ಇವನನ್ನು ಹೆಂಡತಿ ಮಕ್ಕಳ ಜೊತೆ ಇರಲು ಬಿಡುವುದೋ, ಮತ್ತೆ ಕರೆದುಕೊಂಡು ಹೊರಡುವುದೋ? ಬಿಟ್ಟರೆ ನಿಮ್ಮ ತಂಡದ ದೊಡ್ಡ ಕತ್ತಿ ಹೋಯಿತು. ಅವನ ಮನೆ ಉಳಿಯಬೇಕಾದರೆ ನಷ್ಟ ನಿಮಗೆ. 

ಇಲ್ಲಿಗೆ ಬಂದಾಗ ನನಗೆ ತಂಗಿಯ ನೆನಪಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

2009ರಲ್ಲಿ ಬಯೋವೇರ್‌ನವರೇ 'ಡ್ರ್ಯಾಗನ್ ಏಜ್' ತಂದರು. ಇದರಲ್ಲಿ ಒಡನಾಡಿಯ ಮೆಚ್ಚುಗೆಗೆ ಅಂಕೆ ಬಂತು. ನೂರರ ಕೆಳಗಿನಿಂದ ನೂರರ ಮೇಲಿನವರೆಗೆ ಏರುವ ಇಳಿಯುವ ಪಟ್ಟಿ. ಉಡುಗೊರೆ ಕೊಟ್ಟರೆ ಏರುತ್ತದೆ. ಒಬ್ಬಳಿಗೆ ನೀಲಿ ಸ್ಯಾಟಿನ್ ಚಪ್ಪಲಿ, ಒಬ್ಬಳಿಗೆ ಕನ್ನಡಿ, ಗಡವ ಯೋಧನೊಬ್ಬನಿಗೆ ಚಿತ್ರಪಟಗಳು. ಹೀಗೆ ಬಾಚಿ ಬಾಚಿ ಕೊಟ್ಟು ಮೆಚ್ಚಿಸಿ, ಆಮೇಲೆ ಬೇಕಾದ್ದು ಮಾಡಬಹುದು. ಹಬ್ಬಕ್ಕೆ ಸೀರೆ ಕೊಟ್ಟು ವರ್ಷವಿಡೀ ಬಾಯಿ ಮುಚ್ಚಿಸುವ ಗಂಡಂದಿರ ನೆನಪಾಗಿ ನನಗೆ ಮುಜುಗರವಾಯಿತು. ಆದರೆ ಎಲ್ಲವೂ ಉಡುಗೊರೆಯಿಂದ ಮುಚ್ಚುವುದಿಲ್ಲ ಎಂಬುದನ್ನೂ ಅದೇ ಆಟ ತೋರಿಸುತ್ತದೆ. ಅಲಿಸ್ಟರ್ ಎಂಬ ಒಡನಾಡಿಗೆ ತಂದೆಯ ಸಮಾನನಾದ ಗುರುವೊಬ್ಬನಿದ್ದ. ಯುದ್ಧದ ನಡುವೆ ಸೈನ್ಯವನ್ನು ಹಿಂದಕ್ಕೆ ಕರೆದು ಆ ಗುರುವಿನ ಸಾವಿಗೆ ಕಾರಣನಾದವನು ಲೋಗೇನ್ ಎಂಬ ಸೇನಾಪತಿ. ಮುಂದೆ ಅವನನ್ನು ಸೋಲಿಸಿದಾಗ ನೀವು ಪ್ರಾಣ ಉಳಿಸಿ ಜೊತೆಗೆ ಸೇರಿಸಿಕೊಂಡರೆ, ಅಲಿಸ್ಟರ್ ತಂಡ ಬಿಟ್ಟು ಹೋಗುತ್ತಾನೆ. ನೂರಕ್ಕೆ ನೂರು ಮೆಚ್ಚುಗೆ ಇದ್ದರೂ ಹೋಗುತ್ತಾನೆ.

ಇದೇ ಅಲಿಸ್ಟರನ ಇನ್ನೊಂದು ಪ್ರಸಂಗ ನನ್ನ ನಿದ್ದೆ ಕೆಡಿಸಿತು. ತಬ್ಬಲಿಯಾಗಿ ಬೆಳೆದ ಇವನಿಗೆ ಒಬ್ಬಳು ಅಕ್ಕ ಇದ್ದಾಳೆಂದು ಗೊತ್ತಾಗುತ್ತದೆ. ಗೋಲ್ಡಾನಾ, ಬಟ್ಟೆ ಒಗೆದು ಮಕ್ಕಳನ್ನು ಸಾಕುವವಳು. ಇವನು ಆಸೆಯಿಂದ ಬಾಗಿಲು ತಟ್ಟುತ್ತಾನೆ. ಅವಳಿಗೆ ಬೇಕಾದದ್ದು ತಮ್ಮನಲ್ಲ, ಹಣ. ಬೈದು ಕಳಿಸುತ್ತಾಳೆ. ಹೊರಗೆ ಬಂದು ಪೆಚ್ಚಾಗಿ ನಿಂತವನಿಗೆ ನೀವು ಸಮಾಧಾನ ಹೇಳಬಹುದು. ಇಲ್ಲವೇ, ಈ ಲೋಕದಲ್ಲಿ ಎಲ್ಲರೂ ತಮ್ಮ ತಮ್ಮ ಸ್ವಾರ್ಥ ನೋಡಿಕೊಳ್ಳುವವರೇ, ನೀನೂ ಅದನ್ನು ಕಲಿ ಎನ್ನಬಹುದು. ಒಂದೇ ಮಾತು. ಅಷ್ಟರಿಂದ ಅವನು ಬದಲಾಗುತ್ತಾನೆ, ಗಟ್ಟಿಯಾಗುತ್ತಾನೆ. ರಾಜನಾಗಲು ಹಿಂಜರಿಯುತ್ತಿದ್ದವನು ಮುಂದೆ ಅದಕ್ಕೆ ಹೆಚ್ಚು ಒಪ್ಪುತ್ತಾನೆ. ಹಾಗಾದರೆ ಅದು ಒಳ್ಳೆಯದೇ ಅಲ್ಲವೇ ಎಂದು ಮಗಳು ವಾದಿಸಿದಳು. ಇರಬಹುದು. ಆದರೆ ಎದೆ ಮೆತ್ತಗಾಗಿದ್ದ ಹೊತ್ತು ನೋಡಿ ಅಚ್ಚೊತ್ತಿದವರು ಯಾರು? ಶಾಲೆಯಲ್ಲಿ ನಾವು ದಿನಾ ಮಾಡುವುದು ಇದನ್ನೇ. ಫೇಲಾದ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಾಗ ಬಾಯಿಗೆ ಬಂದ ಒಂದು ಮಾತು ಎಸೆದು ಗಂಟೆ ಹೊಡೆಯಿತೆಂದು ಕ್ಲಾಸಿಗೆ ಹೋಗಿಬಿಡುತ್ತೇವೆ.

ಇನ್ನು ಮಗಳು ಕೆನ್ನೆಗೆ ಕೈಕೊಟ್ಟು ಕುಳಿತಿದ್ದ ಆ ಆಟದ ವಿಷಯ. ಅದು 'ಬಾಲ್ಡರ್ಸ್ ಗೇಟ್' ಮೂರನೆಯ ಭಾಗ. ಎರಡನೆಯದು ಬಂದು ಇಪ್ಪತ್ತಮೂರು ವರ್ಷದ ಮೇಲೆ, 2023ರ ಆಗಸ್ಟ್ 3ರಂದು ಪೂರ್ಣರೂಪದಲ್ಲಿ ಬಂತು. ಈ ಸಲ ಮಾಡಿದವರು ಕೆನಡಾದವರಲ್ಲ, ಬೆಲ್ಜಿಯಂನ ಘೆಂಟ್ ನಗರದ ಲೇರಿಯನ್ ಸ್ಟುಡಿಯೋಸ್. ಸ್ವೆನ್ ವಿಂಕೆ ಅದರ ಮುಖ್ಯಸ್ಥ. ಆ ವರ್ಷದ ಅತ್ಯುತ್ತಮ ಆಟವೆಂಬ ದೊಡ್ಡ ಪ್ರಶಸ್ತಿ ಅದಕ್ಕೇ ಹೋಯಿತು.

ಭರ್ಜಿ ಹಿಡಿದು ನಿಂತಿದ್ದವಳ ಹೆಸರು ಶ್ಯಾಡೋಹಾರ್ಟ್. ಕತ್ತಲಿನ ದೇವತೆ ಶಾರ್‌ಳ ಸೇವಿಕೆ. ಆ ಮಠದವರು ಇವಳ ನೆನಪುಗಳನ್ನು ಅಳಿಸಿಬಿಟ್ಟಿದ್ದಾರೆ. ತಂದೆ ತಾಯಿ ಯಾರೆಂದು ಗೊತ್ತಿಲ್ಲ, ಹುಟ್ಟಿದಾಗಿನ ಹೆಸರು ಗೊತ್ತಿಲ್ಲ. ಬಾಲ್ಯದಲ್ಲಿ ಮಠದವರೇ ಇವಳನ್ನು ಕದ್ದು ತಂದದ್ದು ಎಂಬುದು ಮುಂದೆ ತಿಳಿಯುತ್ತದೆ. ಆ ಮಠಕ್ಕೆ ಹಿರಿಯಳು ಯಾರು ಗೊತ್ತೇ? ವಿಕೋನಿಯಾ. 2000ದ ಆಟದಲ್ಲಿ ಊರಿನವರು ಕಂಬಕ್ಕೆ ಕಟ್ಟಿ ಸುಡಲು ಹೊರಟಿದ್ದಾಗ ಆಡುವವರು ಕಟ್ಟು ಬಿಚ್ಚಿ ಉಳಿಸಬಹುದಾಗಿದ್ದ ಅದೇ ಹೆಣ್ಣು. ಅಂದು ಕರುಣೆಯಿಂದ ಉಳಿಸಿ ಒಡನಾಡಿಯಾಗಿ ಮಾಡಿಕೊಂಡವರಿಗೆ ಇದು ಎಷ್ಟು ನೋವಾಗಿರಬೇಡ! ಕೆಲವರು ಸಿಟ್ಟಾದರಂತೆ, ನಮ್ಮ ವಿಕೋನಿಯಾ ಹೀಗೆ ಮಾಡುವವಳಲ್ಲ ಎಂದು. ನನಗೆ ಸಿಟ್ಟು ಬರಲಿಲ್ಲ. ನಾವು ಉಳಿಸಿದವರು ನಮಗೆ ಬೇಕಾದಂತೆ ಬಾಳುತ್ತಾರೆಯೇ? ಉಳಿಸಿದ್ದು ತಪ್ಪೂ ಅಲ್ಲ.

ಶ್ಯಾಡೋಹಾರ್ಟ್‌ಗೆ ಶಾರ್‌ಳ ಕಟ್ಟಪ್ಪಣೆಯಾಗಿದೆ. ನೈಟ್‌ಸಾಂಗ್ ಎಂಬ ಬಂದಿಯನ್ನು ಭರ್ಜಿಯಿಂದ ಕೊಂದರೆ ಅವಳು ದೇವತೆಯ ಧರ್ಮಯೋಧೆಯಾಗುತ್ತಾಳೆ, ಬಾಳಿನಲ್ಲಿ ಅವಳು ಕಂಡ ಒಂದೇ ಕನಸು ಅದು. ಆದರೆ ಆ ಬಂದಿ ಚಂದ್ರದೇವತೆಯ ಮಗಳು, ನೂರು ವರ್ಷದಿಂದ ಸಂಕೋಲೆಯಲ್ಲಿರುವವಳು. ಆಡುವವರ ಮುಂದೆ ಉತ್ತರಗಳು ಬರುತ್ತವೆ. ಕೊಲ್ಲು ಎನ್ನಬಹುದು. ಬೇಡ ಎಂದು ಬೇಡಿಕೊಳ್ಳಬಹುದು, ಆಗ ದಾಳ ಉರುಳಿಸಬೇಕು, ಮಾತು ನಾಟುತ್ತದೋ ಇಲ್ಲವೋ ದಾಳ ಹೇಳುತ್ತದೆ. ಮೂರನೆಯ ದಾರಿಯೂ ಒಂದಿದೆ. ಇದು ನಿನ್ನ ನಿರ್ಧಾರ ಎಂದು ಹಿಂದೆ ಸರಿದು ನಿಲ್ಲುವುದು.

ಆ ರಾತ್ರಿ ಮಗಳು ಬೇಡಿಕೊಳ್ಳುವುದಕ್ಕೆ ಹೊರಟಿದ್ದಳು. ನಾನೂ "ಹೇಳೇ, ಬೇಡ ಅಂತ ಹೇಳೇ, ಪಾಪದ ಕೆಲಸ!" ಎಂದು ಅವಳ ಹೆಗಲು ತಳ್ಳಿದೆ. ಅವಳು ನನ್ನ ಕೈ ಸರಿಸಿ, ಸ್ವಲ್ಪ ಹೊತ್ತು ಯೋಚಿಸಿ, ಮೂರನೆಯದನ್ನು ಒತ್ತಿದಳು. ನನಗೆ ಎದೆ ಧಸಕ್ಕೆಂದಿತು. ಪರದೆಯ ಮೇಲೆ ಶ್ಯಾಡೋಹಾರ್ಟ್ ಆ ಬಂದಿಯನ್ನೂ ಭರ್ಜಿಯನ್ನೂ ನೋಡುತ್ತಾ ನಿಂತಳು. ಆಮೇಲೆ ಭರ್ಜಿಯನ್ನು ದೂರ ಎಸೆದುಬಿಟ್ಟಳು.

ದಾರಿಯುದ್ದಕ್ಕೂ ಅವಳ ವಿಶ್ವಾಸ ಗಳಿಸಿದ್ದರೆ ಮಾತ್ರ ಹೀಗಾಗುವುದು ಎಂದು ಮಗಳು ಆಮೇಲೆ ಹೇಳಿದಳು. ಇಷ್ಟು ದಿನ ಕಡೆಗಣಿಸಿದವರು ಅಲ್ಲಿ ಸುಮ್ಮನೆ ನಿಂತರೆ ಭರ್ಜಿ ಇಳಿದೀತು. ಮೌನವೂ ಪುಕ್ಕಟೆ ಸಿಗುವುದಿಲ್ಲ ನೋಡಿ. ಇಲ್ಲಿಗೇ ಮುಗಿಯಲೂ ಇಲ್ಲ. ಕತೆಯ ಕೊನೆಯ ಭಾಗದಲ್ಲಿ ಅವಳ ತಂದೆ ತಾಯಿ ಅದೇ ಮಠದಲ್ಲಿ ಸೆರೆಯಲ್ಲಿ ಸಿಗುತ್ತಾರೆ. ಅವರನ್ನು ಸಾಯಲು ಬಿಟ್ಟರೆ ಅವಳ ಕೈಯಲ್ಲಿರುವ ಶಾಪದ ಗಾಯ ಮಾಯುತ್ತದೆ. ಉಳಿಸಿಕೊಂಡರೆ ಆ ನೋವು ಬಾಳಿನುದ್ದಕ್ಕೂ ಬಿಡದು. ತಮ್ಮನ್ನು ಬಿಟ್ಟುಬಿಡು ಎಂದು ಹೆತ್ತವರೇ ಹೇಳುತ್ತಾರೆ. ಅಲ್ಲಿಯೂ ಆಡುವವರು ಏನಾದರೂ ಹೇಳಬಹುದು. ಮಗಳು ಏನು ಮಾಡಿದಳೆಂದು ನಾನು ಕೇಳಲಿಲ್ಲ, ಆ ಹೊತ್ತಿಗೆ ಎದ್ದು ಹೋಗಿದ್ದೆ.

ನನ್ನ ತಂಗಿಯ ವಿಷಯ ಹೇಳುತ್ತೇನೆಂದೆ. 1997ನೆಯ ಇಸವಿ. ನನಗೆ ನೌಕರಿ ಸಿಕ್ಕಿ ಎರಡು ವರ್ಷ. ಎರಡು ವರ್ಷದ ಮಗುವನ್ನೆತ್ತಿಕೊಂಡು, ಒಂದು ಚೀಲ ಹಿಡಿದು ತಂಗಿ ತವರಿಗೆ ಬಂದುಬಿಟ್ಟಳು. ಹೊಡೆತ ಬಡಿತ ಏನಿರಲಿಲ್ಲ. ಆ ಮನೆಯಲ್ಲಿ ಉಸಿರುಕಟ್ಟುತ್ತದೆ ಎಂದಳು, ಅಷ್ಟೆ. ರಾತ್ರಿ ಹಿತ್ತಿಲ ಕಟ್ಟೆಯ ಮೇಲೆ ಕುಳಿತು, ಅಕ್ಕಾ, ನಾನೇನು ಮಾಡಲಿ ಎಂದು ಕೇಳಿದಳು.

ಬಿ.ಎಡ್. ಮುಗಿಸಿ ಬಂದವಳು ನಾನು, ಮಾತಿಗೇನು ಕೊರತೆ? ಅಪ್ಪನ ರಕ್ತದೊತ್ತಡ, ಊರಿನವರ ಬಾಯಿ, ಮಗುವಿನ ಮುಂದಿನ ಓದು, ನನಗೆ ಆಗಿನ್ನೂ ಆಗಬೇಕಿದ್ದ ಮದುವೆ, ಒಂದೊಂದನ್ನೂ ಬೋರ್ಡಿನ ಮೇಲೆ ಬರೆದಂತೆ ಒಂದು ಗಂಟೆ ವಿವರಿಸಿದೆ. ಅವಳು ನಡುವೆ ಒಂದೆರಡು ಸಲ ಏನೋ ಹೇಳಲು ಬಾಯಿ ತೆರೆದ ನೆನಪು. ನಾನು ಬಿಡಲಿಲ್ಲ. ಮೂರನೆಯ ದಿನ ವಾಪಸು ಹೋದಳು. ಎಷ್ಟು ಚೆನ್ನಾಗಿ ಬುದ್ಧಿ ಹೇಳಿದೆ ಎಂದು ಅಮ್ಮ ನನ್ನ ತಲೆ ಸವರಿದಳು.

ಅನಾಹುತವೇನೂ ಆಗಲಿಲ್ಲ. ಭಾವನೂ ಕೆಟ್ಟವರಲ್ಲ. ಮಗ ಓದಿ ಕೆಲಸಕ್ಕೆ ಸೇರಿದ್ದಾನೆ. ಹಬ್ಬಕ್ಕೆ ಬರುತ್ತಾಳೆ, ನಗುತ್ತಾಳೆ, ನನ್ನ ಮಗಳಿಗೆ ತಲೆ ಬಾಚುತ್ತಾಳೆ. ಆದರೆ ಆ ರಾತ್ರಿಯಾದ ಮೇಲೆ ಅವಳು ನನ್ನನ್ನು ಏನನ್ನೂ ಕೇಳಿದ್ದಿಲ್ಲ. ಮಗನನ್ನು ಯಾವ ಕಾಲೇಜಿಗೆ ಸೇರಿಸಲಿ ಎಂದಾಗಲಿ, ಯಾವ ಬಣ್ಣದ ಸೀರೆ ತೆಗೆದುಕೊಳ್ಳಲಿ ಎಂದಾಗಲಿ. ಮನೆಗೆ ಹತ್ತಿರದ ಮೇಷ್ಟ್ರು ನಾನೇ ಆಗಿದ್ದರೂ! ಅವಳದು ಗಂಭೀರ ಸ್ವಭಾವ ಎಂದು ನಾನು ಅಂದುಕೊಂಡು ಬಂದಿದ್ದೆ.

ಮಗಳು ಬೆಂಗಳೂರಿಗೆ ಹೊರಟುಹೋದ ಮೇಲೆ ಒಂದು ಭಾನುವಾರ ಮಧ್ಯಾಹ್ನ ತಂಗಿಗೆ ಫೋನ್ ಮಾಡಿದೆ. ಮಾವಿನಕಾಯಿ, ಮಳೆ, ಮೊಣಕಾಲು ನೋವು ಎಲ್ಲ ಆಯಿತು. ಇನ್ನೇನು ಇಡಬೇಕು ಎನ್ನುವಾಗ ಕೇಳಿದೆ. "ಅವತ್ತು ಹಿತ್ತಿಲಲ್ಲಿ ಕೂತಿದ್ದೆವಲ್ಲ. ನೀನು ಏನು ಮಾಡಬೇಕು ಅಂದುಕೊಂಡಿದ್ದೆ?"

ಯಾವತ್ತು ಎಂದು ಅವಳು ಕೇಳಲಿಲ್ಲ. ಸುಮಾರು ಹೊತ್ತು ಸುಮ್ಮನಿದ್ದಳು. ಅವಳ ಮನೆಯ ಫ್ಯಾನಿನ ಸದ್ದು ನನಗೆ ಕೇಳುತ್ತಿತ್ತು.

"ಇರು ಅಕ್ಕ, ಹಾಲು ಉಕ್ಕುತ್ತೆ," ಎಂದು ಫೋನನ್ನು ಎಲ್ಲೋ ಇಟ್ಟು ಹೋದಳು. ಒಲೆ ಆರಿಸಿದ ಸದ್ದು, ಪಾತ್ರೆ ಸರಿಸಿದ ಸದ್ದು, ನಲ್ಲಿಯ ನೀರು. ನಾನು ಇಡದೆ ಹಿಡಿದುಕೊಂಡೇ ಇದ್ದೆ. ಆಮೇಲೆ ಅವಳು ಬಂದು ಕುರ್ಚಿ ಎಳೆದುಕೊಂಡು ಕುಳಿತ ಸದ್ದು ಕೇಳಿತು.